ರೊಟ್ಟಿಯ ಅಂಚು

“ಅಕ್ಕಾ, ನಿನಗೆ ಎಷ್ಟು ಹೊಲಿಗೆ ಬಿದ್ದಿದ್ದವು?”

ತಂಗಿ ಹೀಗೆ ಕೇಳಿದಾಗ ನಾನು ಜೋಳದ ರೊಟ್ಟಿ ತಟ್ಟುತ್ತಿದ್ದೆ. ಚೊಚ್ಚಲ ಹೆರಿಗೆಗೆಂದು ಅವಳು ದಾವಣಗೆರೆಯ ನಮ್ಮ ಮನೆಗೆ ಬಂದು ನಾಲ್ಕು ದಿನವಾಗಿತ್ತು. 34ನೇ ವಾರ ನಡೆಯುತ್ತಿತ್ತು. ಹೊಸ್ತಿಲ ಬಳಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು. ನನ್ನ ಕೈಯೂ ತಪ್ಪಿ ರೊಟ್ಟಿಯ ಅಂಚು ಒಡೆಯಿತು.

ನನ್ನ ಮೊದಲ ಹೆರಿಗೆಯಾದದ್ದು 2013ರಲ್ಲಿ. ಅಂದಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಿದ್ದಾರೆ, ತೂಕ ಎಷ್ಟು ಎಂದು ಕೇಳಿದ್ದಾರೆ, ಹಾಲು ಸಾಕಾಗುತ್ತಿದೆಯೇ ಎಂದು ಕೇಳಿದ್ದಾರೆ. ನಾರ್ಮಲ್ಲೋ ಸಿಜೇರಿಯನ್ನೋ ಎಂದಂತೂ ಪ್ರತಿಯೊಬ್ಬರೂ ಕೇಳಿದ್ದಾರೆ. ನಾರ್ಮಲ್ ಎಂದೊಡನೆ ಎದುರಿನವರ ಮುಖ ಅರಳುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಒಂದು ಪದದ ಅಡಿಯಲ್ಲಿ ಎಷ್ಟು ನೋವನ್ನು ಮುಚ್ಚಿಡಬಹುದು ಎನ್ನುವುದನ್ನು ನಾನು ಬಲ್ಲೆ.

ಎಷ್ಟು ಹೊಲಿಗೆ ಎನ್ನುವುದು ನನಗೇ ತಿಳಿದಿಲ್ಲ. ಆಗ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಮೇ ತಿಂಗಳ ಬಿಸಿಲು. ರಾತ್ರಿಯಿಡೀ ಬೇನೆ ತಿಂದು ಬೆಳಗಾಗುವ ಹೊತ್ತಿಗೆ ನನ್ನನ್ನು ಹೆರಿಗೆ ಮೇಜಿಗೆ ಹತ್ತಿಸಿದರು. ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು ಕಬ್ಬಿಣದ ಆಸರೆಗೆ ಏರಿಸಿದರು. “ತಿಣುಕಮ್ಮಾ, ತಿಣುಕು, ಇನ್ನೂ ಜೋರಾಗಿ” ಎಂದು ಮೂರು ಕಡೆಯಿಂದ ಕೂಗು. ಬೇನೆ ಬಿಟ್ಟ ಹೊತ್ತಿನಲ್ಲೂ ಉಸಿರು ಕಟ್ಟಿ ತಿಣುಕಬೇಕಿತ್ತು. ಒಬ್ಬರು ಮೆಟ್ಟಿಲ ಮೇಲೆ ನಿಂತು ಮೊಣಕೈಯಿಂದ ನನ್ನ ಹೊಟ್ಟೆಯನ್ನು ಒತ್ತಿದರು. ಕತ್ತರಿಯ ಸದ್ದು ಕೇಳಿಸಿತು. ಕತ್ತರಿಸುತ್ತೇವೆ ಎಂಬ ಮಾತು ಕೇಳಿಸಲಿಲ್ಲ. ಹೊಲಿಯುವಾಗ ನೋವಿಗೆ ಕಾಲು ಕೂಡಿಸಲು ಹೋದೆ, ತೊಡೆಗೆ ಒಂದು ಏಟು ಬಿತ್ತು. ಮಗಳ ಮುಖ ನೋಡಿದ ಸಂತೋಷದಲ್ಲಿ ಅದನ್ನೆಲ್ಲ ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಸಂತೋಷವೂ ಇತ್ತು, ಏಟೂ ಇತ್ತು. ಎರಡೂ ಇಂದಿಗೂ ಹಾಗೆಯೇ ಇವೆ.

ಮನೆಗೆ ಬಂದ ಮೇಲೆ ಬಾಣಂತನ. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಎರಡು ಲೋಟ ನೀರು. ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪು ಬೇಡ, ಹಣ್ಣು ಬೇಡ. ಐದನೆಯ ದಿನಕ್ಕೆ ಮಲ ಕಲ್ಲಾಯಿತು. ಶೌಚಾಲಯದಲ್ಲಿ ಗೋಡೆ ಹಿಡಿದು ಅತ್ತುಬಿಟ್ಟೆ. ಹೊಲಿಗೆಯ ಒಂದು ತುದಿ ಬಿಚ್ಚಿಕೊಂಡು ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಪ್ರೀತಿಯಿಂದ ಮಾಡಿದ ಬಾಣಂತನವದು. ಸಾಂಬ್ರಾಣಿ ಹೊಗೆಯಿಂದ ಹಿಡಿದು ಹಂಡೆಗಟ್ಟಲೆ ಬಿಸಿನೀರು ಎರೆಯುವವರೆಗೆ ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಆ ಪ್ರೀತಿ ನನಗೆ ಕೆಡುಕನ್ನೇ ಮಾಡಿತು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನನಗೆ ಅಪಾನವಾಯುವನ್ನು ತಡೆಯಲು ಆಗುತ್ತಿರಲಿಲ್ಲ. ನಾಮಕರಣದ ದಿನ ತೊಟ್ಟಿಲ ಸುತ್ತ ಹೆಂಗಸರು ಜೋಗುಳ ಹಾಡುತ್ತಿದ್ದರೆ ನಾನು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೂಸಿಗೆ ಹಾಲು ಕೊಡಲು ಹೋಗಿದ್ದಾಳೆ ಎಂದುಕೊಂಡರು. ಅವ್ವನಿಗೆ ಮಾತ್ರ ಹೇಳಿದೆ. “ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು, ತಡೆದುಕೋ” ಎಂದಳು. ತಡೆಯುವುದಕ್ಕೇ ಆಗದ ತೊಂದರೆಯನ್ನು ತಡೆದುಕೊಳ್ಳುವುದು ಹೇಗೆ?

ಏಳು ತಿಂಗಳ ಬಳಿಕ, ಬೇರೆ ಊರಿನಲ್ಲಿ, ಒಬ್ಬ ವೈದ್ಯೆ ನನ್ನನ್ನು ಸರಿಯಾಗಿ ಪರೀಕ್ಷಿಸಿದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಮೂರು ನಾಲ್ಕು ಸೆಂಟಿಮೀಟರಿನಷ್ಟು ಜಾಗವಿದೆ. ಅದನ್ನು ಪೆರಿನಿಯಂ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರಿಲ್ಲ. “ಕೆಳಗಡೆ” ಎನ್ನುತ್ತೇವೆ, ಬೆನ್ನಿನ ಕೆಳಗಿನದೆಲ್ಲ ಅದರಲ್ಲಿ ಬಂತು. ಆ ಜಾಗದ ಚರ್ಮ ಮಾತ್ರ ಹರಿದರೆ ಮೊದಲ ದರ್ಜೆಯ ಹರಿತ. ಎಷ್ಟೋ ಸಲ ಹೊಲಿಗೆಯೂ ಬೇಡ. ಅಡಿಯ ಸ್ನಾಯುವೂ ಹರಿದರೆ ಎರಡನೆಯದು. ಹೊಲಿಗೆ ಬೇಕು, ಸಾಮಾನ್ಯವಾಗಿ ಚೆನ್ನಾಗಿ ಮಾಯುತ್ತದೆ. ಹರಿತ ಹಿಂದಕ್ಕೆ ಸರಿದು ಮಲವನ್ನು ಹಿಡಿದಿಡುವ ಬಿಗಿಸ್ನಾಯುವನ್ನು ಮುಟ್ಟಿದರೆ ಮೂರನೆಯದು, ಅದನ್ನೂ ದಾಟಿ ಗುದನಾಳದ ಒಳಪೊರೆಯವರೆಗೆ ಹೋದರೆ ನಾಲ್ಕನೆಯದು. ಈ ಎರಡು ದರ್ಜೆಗಳನ್ನು ಪರಿಣತರು, ಒಳ್ಳೆಯ ಬೆಳಕಿನಲ್ಲಿ, ಅರಿವಳಿಕೆ ಕೊಟ್ಟು ಹೊಲಿಯಬೇಕು. ಅದಕ್ಕೂ ಮೊದಲು ಗುದದೊಳಗೆ ಬೆರಳಿಟ್ಟು ನೋಡಬೇಕು, ಇಲ್ಲದಿದ್ದರೆ ಒಳಗಿನ ಹರಿತ ಕಣ್ಣಿಗೇ ಬೀಳುವುದಿಲ್ಲ. ನನ್ನ ವಿಷಯದಲ್ಲಿ ಆದದ್ದು ಅದೇ. ಕತ್ತರಿಸಿದ ಗಾಯ ತಾನಾಗಿಯೇ ಹಿಂದಕ್ಕೆ ಸೀಳಿ ಬಿಗಿಸ್ನಾಯುವಿನ ಒಂದಂಶ ಹರಿದಿತ್ತು, ಮೇಲಿನದನ್ನಷ್ಟೇ ಹೊಲಿದಿದ್ದರು.

“ನಿಮ್ಮ ತಪ್ಪೇನೂ ಇಲ್ಲ” ಎಂದರು ಆ ವೈದ್ಯೆ. ಏಳು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ತಂಪಾದ ಮಾತು ಅದು.

ಆಮೇಲೆ ನಾನು ಓದಲು ತೊಡಗಿದೆ. ಸಿಕ್ಕಿದ್ದನ್ನೆಲ್ಲ ಓದಿದೆ, ಅರ್ಥವಾಗದ್ದನ್ನು ಆ ವೈದ್ಯೆಯನ್ನೇ ಕೇಳಿದೆ. ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ, ಹೇಳದೆ ಕೇಳದೆ ಕತ್ತರಿ ಹಾಕುವುದು ಪದ್ಧತಿಯಾದದ್ದು ಹೇಗೆ ಎನ್ನುವುದು. ಈ ಕತ್ತರಿಕೆಯನ್ನು ಎಪಿಸಿಯಾಟಮಿ ಎನ್ನುತ್ತಾರೆ. 1742ರಲ್ಲಿ ಡಬ್ಲಿನ್ ನಗರದ ಫೀಲ್ಡಿಂಗ್ ಔಲ್ಡ್ ಅದನ್ನು ವಿವರಿಸಿದಾಗ ತೀರಾ ಕಷ್ಟದ ಹೆರಿಗೆಗಳಿಗೆ ಮಾತ್ರ ಎಂದಿದ್ದರು. 1920ರಲ್ಲಿ ಷಿಕಾಗೊದ ಜೋಸೆಫ್ ಡಿಲೀ, ಮುಂಜಾಗ್ರತೆಯಾಗಿ ಮೊದಲೇ ಕತ್ತರಿಸಿ ಇಕ್ಕುಳ ಹಾಕಿ ಮಗುವನ್ನು ತೆಗೆಯುವುದೇ ಒಳ್ಳೆಯದು ಎಂದು ಪ್ರತಿಪಾದಿಸಿದರು. ನೇರವಾದ ಕೊಯ್ತ ತಾನಾಗಿ ಹರಿದ ಗಾಯಕ್ಕಿಂತ ಚೆನ್ನಾಗಿ ಮಾಯುತ್ತದೆ, ದೊಡ್ಡ ಹರಿತವನ್ನು ತಪ್ಪಿಸುತ್ತದೆ ಎಂಬ ನಂಬಿಕೆ ದಶಕಗಟ್ಟಲೆ ನಡೆಯಿತು. ಅದನ್ನು ಪರೀಕ್ಷಿಸಿ ನೋಡಿದ ದೊಡ್ಡ ಅಧ್ಯಯನಗಳಲ್ಲೊಂದು ಅರ್ಜೆಂಟೀನಾದ್ದು. 2,606 ಮಹಿಳೆಯರು, 1993ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕತ್ತರಿಸುವುದರಿಂದ ತೀವ್ರ ಹರಿತ ಕಡಿಮೆಯಾಗಲಿಲ್ಲ; ಅಗತ್ಯವಿದ್ದವರಿಗೆ ಮಾತ್ರ ಕತ್ತರಿಸಿದಾಗ ನೋವೂ ಹೊಲಿಗೆಯೂ ಕಡಿಮೆಯಾದವು. ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಸಹಜ ಹೆರಿಗೆಯಲ್ಲಿ ವಾಡಿಕೆಯಂತೆ ಕತ್ತರಿಸುವುದು ಬೇಡ. ಹೊಟ್ಟೆ ಒತ್ತಿ ಮಗುವನ್ನು ದೂಡುವುದೂ ಬೇಡ. ಇದನ್ನು ಮೊದಲ ಸಲ ಓದಿದ ದಿನ ನನ್ನ ಹೊಟ್ಟೆಯ ಮೇಲಿದ್ದ ಆ ಮೊಣಕೈ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕತ್ತರಿ ನಮ್ಮ ಶತ್ರುವಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿದ್ದರೆ, ಇಕ್ಕುಳ ಹಾಕಲೇಬೇಕಾದರೆ, ಆ ಕೊಯ್ತ ಮಗುವಿನ ಜೀವ ಉಳಿಸಬಹುದು. ಆಗಲೂ ಅದನ್ನು ನೇರ ಕೆಳಕ್ಕೆ ಹಾಕದೆ, ನಡುಗೆರೆಯಿಂದ 60 ಡಿಗ್ರಿಯಷ್ಟು ಪಕ್ಕಕ್ಕೆ ಓರೆಯಾಗಿ, ಮರಗಟ್ಟಿಸುವ ಮದ್ದು ಕೊಟ್ಟು, ತಾಯಿಗೆ ಹೇಳಿ ಹಾಕಬೇಕು. ಹಾಗೆಯೇ ಎಲ್ಲ ಎಚ್ಚರ ವಹಿಸಿದರೂ ಹರಿತ ಆಗಬಹುದು. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆಯ ಪ್ರಕಾರ ಮೊದಲ ಬಾರಿ ಸಹಜವಾಗಿ ಹೆರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯವರೆಗೆ ಏನಾದರೂ ಒಂದು ಹರಿತ ಆಗುತ್ತದೆ, ಹೆಚ್ಚಿನವು ಸಣ್ಣವು. ಮಗು ದಪ್ಪವಿದ್ದರೆ, ಮುಖ ಮೇಲಾಗಿ ಬಂದರೆ, ಇಕ್ಕುಳ ಬಳಸಿದರೆ ಸಾಧ್ಯತೆ ಹೆಚ್ಚು. ಇವು ತಾಯಿಯ ಕೈಯಲ್ಲಿಲ್ಲ. ಆದ್ದರಿಂದ ಹರಿದುಕೊಂಡವಳು ತಾನು ಸರಿಯಾಗಿ ತಯಾರಾಗಲಿಲ್ಲ ಎಂದು ಕೊರಗಬೇಕಾಗಿಲ್ಲ.

ತಂಗಿಗೆ ನಾನು ಮೊದಲು ಹೇಳಿದ್ದು ಮಸಾಜಿನ ವಿಷಯ. ಅವಳು ನಾಚಿ ಕೆಂಪಾದಳು. 34 ಅಥವಾ 35ನೇ ವಾರದಿಂದ, ಉಗುರು ಕತ್ತರಿಸಿ ಕೈ ತೊಳೆದುಕೊಂಡು, ಹೆಬ್ಬೆರಳಿಗೆ ಶುದ್ಧವಾದ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಯೋನಿಯೊಳಗೆ ಎರಡು ಮೂರು ಸೆಂಟಿಮೀಟರಿನಷ್ಟು ಇಟ್ಟು, ಕೆಳಕ್ಕೂ ಎರಡು ಪಕ್ಕಕ್ಕೂ ಮೆಲ್ಲಗೆ ಒತ್ತಿ ಹಿಗ್ಗಿಸುವುದು. ಸ್ವಲ್ಪ ಉರಿದಂತಾಗುವವರೆಗೆ, ನೋಯುವವರೆಗೆ ಅಲ್ಲ. ಐದು ನಿಮಿಷ. ವಾರಕ್ಕೆ ಒಂದೆರಡು ಸಲ ಮಾಡಿದರೆ ಸಾಕು; ದಿನವೂ ಮಾಡಿದವರಿಗೆ ಹೆಚ್ಚಿನ ಲಾಭ ಕಂಡುಬಂದಿಲ್ಲ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ ಗಂಡ ಮಾಡಬಹುದು. ರಕ್ತಸ್ರಾವವಾಗಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ಸೋಂಕಿದ್ದರೆ, ನೀರು ಒಡೆದಿದ್ದರೆ ಮಾಡಲೇಬಾರದು. ಹೇಗಿದ್ದರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇದರ ಲಾಭ ದೊಡ್ಡದೇನಲ್ಲ. ಮೊದಲ ಹೆರಿಗೆಯವರಲ್ಲಿ ಹದಿನೈದು ಮಂದಿ ಮಾಡಿದರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ ಎನ್ನುತ್ತದೆ ಅಧ್ಯಯನಗಳ ಲೆಕ್ಕ. ಆ ಒಬ್ಬಳು ನನ್ನ ತಂಗಿಯಾಗಿರಬಾರದೇಕೆ? ಇನ್ನೊಂದು ಲಾಭ ಲೆಕ್ಕಕ್ಕೆ ಸಿಗುವಂಥದ್ದಲ್ಲ. ತನ್ನ ಮೈಯ ಆ ಜಾಗವನ್ನು ತಾನೇ ಮುಟ್ಟಿ ನೋಡಿದವಳಿಗೆ ಅದರ ಬಗ್ಗೆ ಬಾಯಿಬಿಟ್ಟು ಕೇಳುವ ಧೈರ್ಯ ಬರುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಕೊನೆಯ ಹತ್ತು ನಿಮಿಷ. ಇದನ್ನು ನಾನು ಕಲಿತದ್ದು 2018ರಲ್ಲಿ, ಮಗ ಹುಟ್ಟುವಾಗ. ಅಷ್ಟು ಹೊತ್ತಿಗೆ, ಮುಂದೆ ಹೇಳಲಿರುವ ವ್ಯಾಯಾಮದಿಂದ ನನ್ನ ತೊಂದರೆ ಪೂರ್ತಿ ಹೋಗಿತ್ತು. ಮೊದಲ ಸಲ ಬಿಗಿಸ್ನಾಯು ಹರಿದವರಿಗೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು ಎಂದು ಹೇಳಿ, ಪರೀಕ್ಷೆ ಮಾಡಿ, ಸಿಜೇರಿಯನ್ ಬೇಕೆಂದರೆ ಅದನ್ನೂ ಆರಿಸಿಕೊಳ್ಳಬಹುದು ಎಂದು ವೈದ್ಯೆ ಕೂಡಿಸಿಕೊಂಡು ಮಾತನಾಡಿದರು. ನಾನು ಸಹಜ ಹೆರಿಗೆಯನ್ನೇ ಆರಿಸಿಕೊಂಡೆ. ಆ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಐವತ್ತು ದಾಟಿದವರು, ಮಾತು ಕಡಿಮೆ. ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಮೇಲಿನ ಕಾಲನ್ನು ಹಿಡಿದುಕೊಳ್ಳಲು ನನ್ನ ಅತ್ತಿಗೆಯ ಕೈಗೆ ಕೊಟ್ಟರು. ತಿಣುಕು ಎಂದು ಒಮ್ಮೆಯೂ ಕೂಗಲಿಲ್ಲ. “ನಿಮಗೆ ಯಾವಾಗ ತಿಣುಕಬೇಕು ಅನ್ನಿಸುತ್ತದೋ ಆಗ” ಎಂದರು. ತಲೆ ಕೆಳಗೆ ಬಂದಾಗ, ಬೇನೆ ಬಂದ ಪ್ರತಿ ಸಲವೂ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದರು. ಸುಡುವಷ್ಟಲ್ಲ, ಮುಂಗೈಗೆ ಹಿತವೆನಿಸುವಷ್ಟು ಬಿಸಿ. ತಣ್ಣಗಾದ ಕೂಡಲೇ ಇನ್ನೊಂದು. ಆ ಬಿಸಿ ತಾಗಿದಾಗ ಬಿಗಿದುಕೊಂಡಿದ್ದ ನನ್ನ ಮೈಯೆಲ್ಲ ಸಡಿಲವಾಯಿತು.

ಆಮೇಲೆ ಬೆಂಕಿಯ ಬಳೆ ಇಟ್ಟಂತೆ ಸುತ್ತಲೂ ಉರಿ. ಆಗ ಅವರು ನನ್ನ ಮುಖದ ಹತ್ತಿರ ಬಾಗಿ ಹೇಳಿದರು: “ತಾಯೀ, ಈಗ ತಿಣುಕಬೇಡಿ. ಹಸಿ ಸೌದೆ ಹಾಕಿದ ಒಲೆ ಊದುತ್ತೀರಲ್ಲ, ಹಾಗೆ ಬಾಯಿ ತೆರೆದು ಊದಿ. ನಾನಿದ್ದೇನೆ, ಮಗು ತಾನಾಗಿಯೇ ಬರುತ್ತದೆ.” ನಾನು ಊದುಗೊಳವೆ ಹಿಡಿದವಳಂತೆ ಊದಿದೆ. ಅವರ ಒಂದು ಕೈ ಮಗುವಿನ ತಲೆಯನ್ನು ತಡೆತಡೆದು ಬಿಡುತ್ತಿತ್ತು, ಇನ್ನೊಂದು ಕೈ ಬಿಸಿಬಟ್ಟೆಯ ಮೂಲಕ ಆ ಜಾಗಕ್ಕೆ ಆಸರೆ ಕೊಟ್ಟಿತ್ತು. ಮೂವತ್ತಮೂರು, ಮೂವತ್ತೈದು ಸೆಂಟಿಮೀಟರ್ ಸುತ್ತಳತೆಯ ತಲೆ. ಅದು ಒಂದೇ ಸಲಕ್ಕೆ ನುಗ್ಗಿದರೆ ಹರಿಯದೆ ಇನ್ನೇನಾಗುತ್ತದೆ? ಬೇನೆಯ ನಡುವಿನ ಬಿಡುವಿನಲ್ಲಿ, ಕೂದಲೆಳೆ ಕೂದಲೆಳೆಯಾಗಿ ಅದು ಬಂತು. ನನಗಾದದ್ದು ಚರ್ಮದ ಒಂದು ಸಣ್ಣ ಗೀರು. ಎರಡು ಹೊಲಿಗೆ, ಮದ್ದು ಕೊಟ್ಟು, ಹೇಳಿ, ಎಣಿಸಿ ಹಾಕಿದರು. ಮೂರನೆಯ ದಿನ ನಾನು ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿದೆ.

ಆ ನರ್ಸಿಗೆ ಇದು ಯಾವ ತರಬೇತಿಯಿಂದ ಬಂತೋ, ಕೈಯ ಅನುಭವದಿಂದಲೇ ಬಂತೋ ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಬಿಸಿಬಟ್ಟೆ, ಮಸಾಜು, ಕೈಯಾಸರೆ ಈ ಮೂರನ್ನೂ ತಾಯಿಯ ಇಷ್ಟದಂತೆ ಬಳಸಬೇಕು ಎನ್ನುತ್ತದೆ. ಬಿಸಿಬಟ್ಟೆ ಹಿಡಿದವರಲ್ಲಿ ಮೂರನೇ, ನಾಲ್ಕನೇ ದರ್ಜೆಯ ಹರಿತ ಸುಮಾರು ಅರ್ಧಕ್ಕೆ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ಬೇಕಾದದ್ದು ಒಂದು ಪಾತ್ರೆ ಬಿಸಿನೀರು, ನಾಲ್ಕು ಶುಭ್ರವಾದ ಬಟ್ಟೆ ಮತ್ತು ಅವಸರವಿಲ್ಲದ ಒಂದು ಜೊತೆ ಕೈ. ರೊಟ್ಟಿ ತಟ್ಟುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಸರು ಕಾದಿರಬೇಕು, ಹಿಟ್ಟನ್ನು ನಾದಿರಬೇಕು, ಅಂಚಿಗೆ ಬಂದಾಗ ಕೈ ನಿಧಾನಿಸಬೇಕು. ತಣ್ಣೀರಿನಲ್ಲಿ ಕಲಸಿ ಬಡಬಡನೆ ತಟ್ಟಿದರೆ ಅಂಚು ಒಡೆಯುತ್ತದೆ.

ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿಯ ಓರಗಿತ್ತಿಯೊಬ್ಬರು ಸೂಲಗಿತ್ತಿಯಾಗಿದ್ದರು. ಅವರೂ ಬಿಸಿನೀರಿನ ಬಟ್ಟೆ ಹಿಡಿಯುತ್ತಿದ್ದರಂತೆ, ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರಂತೆ. ಚಿತ್ರದುರ್ಗ ಸೀಮೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ಕೈಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗೆಂದು ಹೆರಿಗೆ ಮತ್ತೆ ಮನೆಗೆ ಬರಲಿ ಎಂದು ನಾನು ಹೇಳುವುದಿಲ್ಲ. ಅಜ್ಜಿಯ ಓರಗಿತ್ತಿಯ ಕೈಯಲ್ಲೇ, ಅವರು ಎಲ್ಲ ಬಲ್ಲವರಾಗಿದ್ದರೂ, ನನ್ನ ಸೋದರತ್ತೆಯೊಬ್ಬಳು ರಕ್ತ ನಿಲ್ಲದೆ ಸತ್ತಳು. ರಕ್ತ, ಮದ್ದು, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ ಸಿಗಬೇಕು. ನನಗೆ ಬೇಕಾದದ್ದು ಆಸ್ಪತ್ರೆಯ ಬೆಳಕಿನಲ್ಲಿ ಸೂಲಗಿತ್ತಿಯ ತಾಳ್ಮೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಜೊತೆಗಾರ್ತಿಗೆ ಅವಕಾಶ, ಗೌರವದ ನಡವಳಿಕೆ ಬೇಕೆಂದು ಹೇಳುತ್ತದೆ. ಒಬ್ಬ ನರ್ಸ್ ಒಂದೇ ರಾತ್ರಿ ಮೂರು ಮೇಜುಗಳ ನಡುವೆ ಓಡಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಳ್ಮೆಗೆ ಸಮಯ ಬೇಕು, ಸಮಯಕ್ಕೆ ಜನ ಬೇಕು. ನನ್ನ ತೊಡೆಗೆ ಬಿದ್ದ ಏಟನ್ನು ನಾನು ಕ್ಷಮಿಸಿಲ್ಲ, ಆದರೆ ಅದರ ಹಿಂದಿನ ದಣಿವನ್ನೂ ಈಗ ಊಹಿಸಬಲ್ಲೆ.

ಕಳೆದ ವಾರ ತಂಗಿಯೊಂದಿಗೆ ತಪಾಸಣೆಗೆ ಹೋಗಿದ್ದೆ. ಹೊರಡುವ ಮುನ್ನ ಅವಳು ಚೀಟಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಿದ್ದಳು. ಓದುವಾಗ ದನಿ ನಡುಗುತ್ತಿತ್ತು.

“ಮೇಡಂ, ಕತ್ತರಿಸುವುದು ಎಲ್ಲರಿಗೂ ಮಾಡುತ್ತೀರಾ?”

ವೈದ್ಯೆ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. “ಚೊಚ್ಚಲಿಗೆ ಹೆಚ್ಚಾಗಿ ಮಾಡುತ್ತಿದ್ದೆವು. ಈಗ ಕಡಿಮೆ ಮಾಡಿದ್ದೇವೆ. ಬೇಕಾದರೆ ನಿಮಗೆ ಹೇಳಿಯೇ ಮಾಡುತ್ತೇವೆ.”

“ಮಗ್ಗುಲಾಗಿ ಮಲಗಬಹುದೇ? ಬಿಸಿಬಟ್ಟೆ ಹಿಡಿಯುತ್ತಾರೆಯೇ? ಅಕ್ಕ ಒಳಗೆ ಇರಬಹುದೇ?”

“ಅಕ್ಕ ಇರಲಿ. ಬಟ್ಟೆ ನೀವೇ ತನ್ನಿ, ಒಗೆದು ಇಸ್ತ್ರಿ ಮಾಡಿದ್ದು. ನಾನು ಸಿಸ್ಟರ್‌ಗೆ ಹೇಳಿರುತ್ತೇನೆ.” ಚೀಟಿಯಲ್ಲಿ ಅದನ್ನು ಬರೆದೂ ಕೊಟ್ಟರು. ಬೇನೆ ಶುರುವಾದ ಮೇಲೆ ಕೇಳಿದ್ದರೆ ಈ ಮಾತುಕತೆ ನಡೆಯುತ್ತಿರಲಿಲ್ಲ. ಮೇಜಿನ ಮೇಲೆ ಮಲಗಿದ ಹೆಣ್ಣಿನ ಮಾತಿಗೆ ತೂಕವಿರುವುದಿಲ್ಲ; ಕುರ್ಚಿಯಲ್ಲಿ ಕುಳಿತಿರುವಾಗಲೇ ಕೇಳಿಕೊಳ್ಳಬೇಕು.

ಬಾಣಂತನದ ಮಾತೂ ಮನೆಯಲ್ಲಿ ಆಗಿದೆ. ಈ ಸಲ ಬಾಣಂತಿ ಕೋಣೆಯಲ್ಲಿ ಬಿಸಿನೀರಿನ ಫ್ಲಾಸ್ಕ್ ಸದಾ ತುಂಬಿರುತ್ತದೆ. ಸೊಪ್ಪಿನ ಪಲ್ಯ, ಪಪ್ಪಾಯ, ಬಾಳೆಹಣ್ಣು ಇರುತ್ತವೆ. ಮೆಣಸಿನ ಸಾರೂ ಇರುತ್ತದೆ, ಅದು ಅವ್ವನ ಹಕ್ಕು. ತೊಳೆದುಕೊಳ್ಳುವುದು ಮುಂದಿನಿಂದ ಹಿಂದಕ್ಕೆ. ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ದಿನಕ್ಕೆರಡು ಸಲ ಕೂರುವುದು. ಜ್ವರ, ಕೆಟ್ಟ ವಾಸನೆ, ಹೆಚ್ಚುತ್ತಿರುವ ಊತ, ಗಾಳಿ ಅಥವಾ ಮಲ ತಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ನಲವತ್ತು ದಿನ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ. ಜೊತೆಗೆ ವ್ಯಾಯಾಮ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿದಂತೆ ಒಳಕ್ಕೆ ಎಳೆದು ಬಿಗಿಹಿಡಿಯುವುದು, ಹತ್ತರವರೆಗೆ ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನನ್ನನ್ನು ಮತ್ತೆ ನಾಲ್ಕು ಜನರ ನಡುವೆ ಕೂರುವಂತೆ ಮಾಡಿದ್ದು ಇದೇ.

ನಿನ್ನೆ ಸಂಜೆ ತಂಗಿಯೂ ನಾನೂ ಕುಂದವಾಡ ಕೆರೆಯ ಏರಿಯ ಮೇಲೆ ನಡೆದು ಬಂದು ನಡುಮನೆಯಲ್ಲಿ ಕುಳಿತು ಅದನ್ನೇ ಮಾಡುತ್ತಿದ್ದೆವು. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದು ನಮ್ಮ ಪಕ್ಕದಲ್ಲಿ ನಿಂತಳು. ಬಹಳ ಹೊತ್ತು ನಿಂತಿದ್ದಳು. ಎಂಟು ವರ್ಷದಿಂದ ಅವ್ವ ಬಸ್ಸಿನಲ್ಲಿ ದೂರದ ಊರಿಗೆ ಬರುವುದಿಲ್ಲ. ಜಾತ್ರೆಗೂ ಮದುವೆಗೂ ಮಂಡಿನೋವು ಎಂದು ತಪ್ಪಿಸಿಕೊಳ್ಳುತ್ತಾಳೆ. ಕೆಮ್ಮು ಬಂದರೆ ಸೆರಗು ಬಾಯಿಗೆ ಹಿಡಿಯುವ ಮೊದಲು ಕಾಲು ಕೂಡಿಸಿಕೊಳ್ಳುತ್ತಾಳೆ. ನಾನು ಅದನ್ನು ನೋಡುತ್ತಲೇ ಬಂದಿದ್ದೆ, ಕಂಡಿರಲಿಲ್ಲ.

“ಇದು ನನ್ನ ವಯಸ್ಸಿನವರಿಗೂ ಆಗುತ್ತದೆಯೇನೇ?” ಎಂದಳು. ತಂಗಿಯನ್ನು ನೋಡದೆ, ನನ್ನನ್ನೂ ನೋಡದೆ.

“ಆಗುತ್ತದೆ ಅವ್ವಾ. ಮೊದಲು ಒಮ್ಮೆ ತೋರಿಸಿಕೊಂಡು ಬರೋಣ. ವ್ಯಾಯಾಮವನ್ನು ಇವತ್ತೇ ಶುರು ಮಾಡಬಹುದು.”

ತಂಗಿ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. ಅವ್ವ ಗೋಡೆಗೆ ಕೈಯೂರಿ ನಿಧಾನವಾಗಿ ಕುಳಿತಳು. ನಾನು ಒಂದು, ಎರಡು ಎಂದು ಎಣಿಸತೊಡಗಿದೆ. ಐದಕ್ಕೆ ಅವಳು ಬಿಟ್ಟುಬಿಟ್ಟಳು. ಮತ್ತೆ ಒಂದರಿಂದ ಶುರು ಮಾಡಿದೆ.